ಶಿವಮೊಗ್ಗದ ಸೆಕೆಗೆ ಯಾವ ಸೂಟು? ಬಟ್ಟೆ, ಅಸ್ತರು, ಹೊಲಿಗೆಯ ಹೋಲಿಕೆ

ಗಾಂಧಿ ಬಜಾರಿರಲಿ, ನೆಹರೂ ರಸ್ತೆಯಿರಲಿ, ಬಟ್ಟೆ ಅಂಗಡಿಗೆ ಹೋಗಿ ಬೇಸಿಗೆಗೊಂದು ಸೂಟು ಬೇಕು ಅಂದರೆ ಸಿಗುವ ಉತ್ತರ ಹೆಚ್ಚುಕಮ್ಮಿ ಒಂದೇ. 'ಇದು ತಗೊಳ್ಳಿ ಸಾರ್, ಲೈಟ್‌ವೇಟ್.' ಸುಳ್ಳೇನಲ್ಲ. ಬಟ್ಟೆ ಹಗುರವಾಗಿಯೇ ಇರುತ್ತದೆ. ಆದರೆ ಅದಕ್ಕೆ ಒಳಗಡೆ ಪೂರ್ತಿ ಅಸ್ತರು ಕೊಟ್ಟು, ಎದೆಗೆ ಪೇಸ್ಟಿಂಗ್, ಅಂದರೆ ಅಂಟಿಸುವ ಒಳಬಟ್ಟೆ, ಹಾಕಿ ಹೊಲಿಸಿ, ಏಪ್ರಿಲ್ ಮಧ್ಯಾಹ್ನ ಬಿ.ಎಚ್. ರಸ್ತೆಯಲ್ಲಿ ನಾಲ್ಕು ಹೆಜ್ಜೆ ನಡೆದರೆ ಬೆನ್ನು ತೊಯ್ದು ಹೋಗುತ್ತದೆ. ಹಗುರ ಬೇರೆ, ತಂಪು ಬೇರೆ.

ನಮ್ಮೂರಲ್ಲಿ ಸೂಟು ದಿನದ ಉಡುಪಲ್ಲ, ನಿಜ. ಆದರೂ ಹಾಕಲೇಬೇಕಾದವರು ಇದ್ದಾರೆ. ಬ್ಯಾಂಕು, ವಿಮೆ, ಔಷಧ ಕಂಪನಿಯ ಸಭೆಗಳಿಗೆ ಹೋಗುವವರು. ಹೋಟೆಲು ನೋಡಿಕೊಳ್ಳುವವರು. ಬೆಳಗಿನ ಜನಶತಾಬ್ದಿ ಹತ್ತಿ ಬೆಂಗಳೂರಿಗೆ ಇಂಟರ್‌ವ್ಯೂಗೆ ಹೋಗುವ ಹುಡುಗ ಹುಡುಗಿಯರು. ಕರಿ ಕೋಟಿನ ವಕೀಲರಂತೂ ಇದ್ದೇ ಇದ್ದಾರೆ. ಇವರೆಲ್ಲರಿಗೂ ಒಂದೇ ಬಟ್ಟೆ ಸರಿ ಅಂತ ಹೇಳಲಾಗದು.

ಇನ್ನೊಂದು ತೊಡಕು ಮಲೆನಾಡಿಗೇ ಸೇರಿದ್ದು. ಬೇಸಿಗೆಗೆ ಅಂತ ಕೊಂಡ ಸೂಟು ಮಳೆಗಾಲದ ನಾಲ್ಕು ತಿಂಗಳು ಬೀರುವಿನಲ್ಲಿ ಬದುಕಬೇಕು. ಏಪ್ರಿಲಿನಲ್ಲಿ ಯಾವ ಬಟ್ಟೆ ಹಿತವೋ ಅದು ಆಷಾಢದಲ್ಲಿ ಹೆಚ್ಚು ಕಾಟ ಕೊಡುತ್ತದೆ. ಆಷಾಢದಲ್ಲಿ ಏನೂ ಆಗದೆ ಉಳಿಯುವ ಬಟ್ಟೆ ಏಪ್ರಿಲಿನಲ್ಲಿ ಮೈ ಬೇಯಿಸುತ್ತದೆ. ಬೇಸಿಗೆ ಸೂಟಿನ ಬಗ್ಗೆ ಸಿಗುವ ಸಲಹೆಗಳಲ್ಲಿ ಈ ಎರಡನೇ ಲೆಕ್ಕ ಎಲ್ಲೂ ಇರುವುದಿಲ್ಲ. ನಾವು ಎರಡನ್ನೂ ನೋಡಿಯೇ ದುಡ್ಡು ಕೊಡಬೇಕು.

ನಮ್ಮ ಸೆಕೆ ಎಂಥದ್ದು?

ಮಾರ್ಚ್, ಏಪ್ರಿಲಿನಲ್ಲಿ ಶಿವಮೊಗ್ಗ ಪೇಟೆಯ ಮಧ್ಯಾಹ್ನ 36, 37 ಡಿಗ್ರಿ ಮುಟ್ಟುತ್ತದೆ. ಬಿಸಿಲು ಚುರುಕು, ಆದರೆ ಗಾಳಿ ಒಣಗಿರುತ್ತದೆ. ಬೆವರು ಬಂದಷ್ಟೇ ಬೇಗ ಆರುತ್ತದೆ. ಭರಣಿ, ಕೃತ್ತಿಕೆ ಹೊತ್ತಿಗೆ ಒಂದೆರಡು ಅಡ್ಡಮಳೆ ಬಿದ್ದ ಮೇಲೆ ಕಥೆ ಬೇರೆ. ತಾಪ ಸ್ವಲ್ಪ ಇಳಿದರೂ ಸೆಕೆ ಏರುತ್ತದೆ. ಗಾಳಿಯಲ್ಲೇ ನೀರು ತುಂಬಿರುವಾಗ ಮೈಮೇಲಿನ ಬೆವರು ಆರಿ ಹೋಗಲು ಜಾಗವಿಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಬಿಸಿಲು ಕಡಿಮೆ, ತೇವ ಜಾಸ್ತಿ. ಕೆಲಸದ ಮೇಲೆ ಆಗುಂಬೆ ಘಾಟಿಯ 14 ತಿರುವು ಇಳಿದು ಉಡುಪಿ, ಮಂಗಳೂರು ಸುತ್ತುವವರಿಗೆ ಎರಡೂ ಒಟ್ಟಿಗೆ ಸಿಗುತ್ತವೆ.

ಒಣ ಸೆಕೆಗೆ ಬಟ್ಟೆ ಹಗುರ ಇದ್ದರೆ ಅರ್ಧ ಕೆಲಸ ಆಯಿತು. ತೇವದ ಸೆಕೆಗೆ ಅಷ್ಟು ಸಾಲದು. ಬಟ್ಟೆಯ ಒಳಗಿನಿಂದ ಗಾಳಿ ಆಡಬೇಕು, ಮೈಯ ನೀರಾವಿಯನ್ನು ನೂಲು ಹೀರಬೇಕು. ಈ ಎರಡನೇ ಗುಣದಲ್ಲಿ ನೂಲಿನಿಂದ ನೂಲಿಗೆ ಅಜಗಜಾಂತರ. 20 ಡಿಗ್ರಿ ತಾಪ, ಶೇ. 65 ತೇವಾಂಶ ಇರುವ ಗಾಳಿಯಲ್ಲಿ ಉಣ್ಣೆ ತನ್ನ ಒಣ ತೂಕದ ಸುಮಾರು ಶೇ. 16ರಷ್ಟು ತೇವ ಹಿಡಿದಿಟ್ಟುಕೊಳ್ಳುತ್ತದೆ. ಮರದ ತಿರುಳಿನಿಂದ ಮಾಡುವ ವಿಸ್ಕೋಸ್ ಸುಮಾರು ಶೇ. 13. ಹತ್ತಿ ಶೇ. 7ರಿಂದ 8. ಪಾಲಿಯೆಸ್ಟರ್ ಶೇ. 0.4. ಗಾಳಿಯ ತೇವ ಇನ್ನೂ ಏರಿದರೆ ಉಣ್ಣೆ ತನ್ನ ತೂಕದ ಮೂರನೇ ಒಂದು ಪಾಲಿನ ತನಕ ಹೀರುತ್ತದೆ, ಆದರೂ ಕೈಗೆ ಒದ್ದೆ ಅನಿಸುವುದಿಲ್ಲ. ಉಣ್ಣೆ ಅಂದ ತಕ್ಷಣ ನಮಗೆ ಸ್ವೆಟರ್, ಕಂಬಳಿ ನೆನಪಾಗುತ್ತದೆ. ತೆಳು ಉಣ್ಣೆಯ ಸೂಟಿಂಗ್ ಬೇರೆಯೇ ವಸ್ತು.

ತೂಕದ ಅಂಕಿ ಓದುವುದು

ಸೂಟಿಂಗ್ ಬಟ್ಟೆಯ ತೂಕವನ್ನು ಎರಡು ರೀತಿ ಹೇಳುತ್ತಾರೆ. ಒಂದು, ಒಂದು ಮೀಟರ್ ಉದ್ದ ಕತ್ತರಿಸಿದರೆ ಎಷ್ಟು ಗ್ರಾಂ ಅಂತ. ಇನ್ನೊಂದು, ಒಂದು ಚದರ ಮೀಟರಿಗೆ ಎಷ್ಟು ಅಂತ, ಅದೇ ಜಿಎಸ್‌ಎಂ. ಸೂಟಿಂಗಿನ ಅಗಲ ಸುಮಾರು 150 ಸೆಂಟಿಮೀಟರ್. ಹಾಗಾಗಿ ಉದ್ದದ ಲೆಕ್ಕದಲ್ಲಿ 250 ಗ್ರಾಂ ಇರುವ ಬಟ್ಟೆ ಚದರ ಲೆಕ್ಕದಲ್ಲಿ 167 ಮಾತ್ರ. ಎರಡೂ ಒಂದೇ ಬಟ್ಟೆ! ಒಂದು ಅಂಗಡಿಯಲ್ಲಿ 250, ಇನ್ನೊಂದರಲ್ಲಿ 170 ಅಂತ ಕೇಳಿ 'ಎರಡನೆಯದು ಹಗುರ' ಅಂತ ಹೊರಟರೆ ಮೋಸ ಹೋದ ಹಾಗೆಯೇ. ಯಾವ ಲೆಕ್ಕ ಅಂತ ಕೇಳಿ. ಹಳೆಯ ಮಿಲ್ಲುಗಳ ಔನ್ಸ್ ಲೆಕ್ಕ ಕಂಡರೆ, 8 ಔನ್ಸ್ ಅಂದರೆ ಮೀಟರಿಗೆ ಸುಮಾರು 250 ಗ್ರಾಂ.

ನಮ್ಮ ಬೇಸಿಗೆಗೆ ಉದ್ದದ ಲೆಕ್ಕದಲ್ಲಿ 220ರಿಂದ 280 ಗ್ರಾಂ ಸರಿ. 200ಕ್ಕಿಂತ ಕೆಳಗೆ ಹೋದರೆ ಪ್ಯಾಂಟು ನೆರಿಗೆ ಹಿಡಿಯುವುದಿಲ್ಲ, ಕೂತು ಎದ್ದರೆ ಮಂಡಿಯ ಹತ್ತಿರ ಉಬ್ಬುತ್ತದೆ, ಹೊಲಿಗೆಯ ಹತ್ತಿರ ನೂಲು ಜಾರುತ್ತದೆ. 340ರ ಮೇಲಿನದು ದೆಹಲಿ ಚಳಿಗೆ. ನಮಗೆ ಯಾವ ತಿಂಗಳಲ್ಲೂ ಬೇಡ.

ಉಣ್ಣೆಯ ಅಂಚಿನಲ್ಲಿ ನೇಯ್ದಿರುವ 'ಸೂಪರ್ 100', 'ಸೂಪರ್ 120' ಅನ್ನುವ ಅಂಕಿಗಳಿಗೂ ತಂಪಿಗೂ ಸಂಬಂಧವಿಲ್ಲ. ಅದು ಎಳೆಯ ಸಣ್ಣತನದ ಅಳತೆ. ಸೂಪರ್ 100 ಅಂದರೆ ಎಳೆಯ ದಪ್ಪ 18.75 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಮೀರಬಾರದು, 120 ಅಂದರೆ 17.75, 150 ಅಂದರೆ 16.25. ಅಂಕಿ ಏರಿದಂತೆ ಮುಟ್ಟಲು ನುಣುಪು, ಬೆಲೆ ಜಾಸ್ತಿ, ಬಾಳಿಕೆ ಕಡಿಮೆ, ಸುಕ್ಕು ಬೇಗ. ಶಿವಮೊಗ್ಗದ ಧೂಳು, ಸ್ಕೂಟರು, ಬೆವರಿಗೆ 100ರಿಂದ 110 ಧಾರಾಳ ಸಾಕು. 150ರ ಬಟ್ಟೆ ತೋರಿಸಿ ಬೇಸಿಗೆಗೆ ಇದೇ ಬೆಸ್ಟ್ ಅಂದರೆ ನಕ್ಕು ಮುಂದಿನ ಥಾನಿಗೆ ಹೋಗಿ.

ಈಗ ಬಟ್ಟೆಗೆ ಬರೋಣ

ಮೊದಲು ಅಂಗಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಸಿಗುವುದು: ಟೆರಿ ರೇಯಾನ್, ಅಂದರೆ ಪಾಲಿಯೆಸ್ಟರಿಗೆ ವಿಸ್ಕೋಸ್ ಬೆರೆಸಿದ್ದು. ಚೀಟಿಯಲ್ಲಿ ಪಿ.ವಿ. ಅಂತಲೋ ಟಿ.ಆರ್. ಅಂತಲೋ ಇರುತ್ತದೆ. ಬೆಲೆ ಕಡಿಮೆ, ಬಣ್ಣ ಗಟ್ಟಿ, ಸುಕ್ಕಾಗದು. ರೈಲಿನಲ್ಲಿ ಕೂತು ಬೆಂಗಳೂರಿಗೆ ಹೋಗಿ ಇಳಿದರೂ ಇಸ್ತ್ರಿ ಹಾಗೇ ಇರುತ್ತದೆ. ಎಸಿ ಇರುವ ಕೋಣೆಯಲ್ಲಿ ಒಂದು ಗಂಟೆ ಕೂರಲು ಏನೂ ತೊಂದರೆ ಇಲ್ಲ. ಹೊರಗೆ ಬಂದರೆ ತೊಂದರೆ. ಬಹುಪಾಲು ಪಾಲಿಯೆಸ್ಟರ್ ಇರುವುದರಿಂದ ಬೆವರು ಬಟ್ಟೆಗೆ ಇಳಿಯದೆ ಮೈಮೇಲೇ ನಿಲ್ಲುತ್ತದೆ. ವಾಸನೆಯೂ ಬೇಗ ಹಿಡಿಯುತ್ತದೆ. ಕಾಸಿದ ಇಸ್ತ್ರಿ ನೇರವಾಗಿ ಇಟ್ಟರೆ ಹೊಳಪು ಬಂದು ಬಟ್ಟೆ ಹಾಳು.

ಅದಕ್ಕೆ ಒಂದು ಮೆಟ್ಟಿಲು ಮೇಲೆ ಟೆರಿ ವುಲ್. ಪಾಲಿಯೆಸ್ಟರ್ 65, ಉಣ್ಣೆ 35 ಇರಬಹುದು, 55ಕ್ಕೆ 45 ಇರಬಹುದು. ಈ ಅನುಪಾತ ಕೇಳದೆ ಬಟ್ಟೆ ಕತ್ತರಿಸಲು ಬಿಡಬೇಡಿ. ಉಣ್ಣೆ 45 ಇದ್ದರೆ ನೀರಾವಿ ಹೀರುವ ಗುಣ ತಕ್ಕಮಟ್ಟಿಗೆ ಬರುತ್ತದೆ, ಪಾಲಿಯೆಸ್ಟರಿನ ಗಟ್ಟಿತನವೂ ಉಳಿಯುತ್ತದೆ. ವರ್ಷಕ್ಕೆ ಕೆಲವೇ ಸಲ ಸೂಟು ಹಾಕುವವರಿಗೆ ನಾನು ಹೇಳುವುದು ಇದನ್ನೇ. ಬೇಸಿಗೆಯಲ್ಲಿ ಪರವಾಗಿಲ್ಲ, ಮಳೆಗಾಲದಲ್ಲಿ ಕಾಟ ಕಡಿಮೆ, ಬೆಲೆ ಎರಡರ ನಡುವೆ.

ಹತ್ತಿ ಸೂಟಿನ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಹತ್ತಿ ಅಂದರೆ ತಂಪು ಅನ್ನುವುದು ಅಂಗಿಯ ಮಟ್ಟಿಗೆ ಸರಿ. ಕೋಟು ನಿಲ್ಲಬೇಕಾದರೆ ಬಟ್ಟೆಯನ್ನು ದಪ್ಪ ನೂಲಿನಲ್ಲಿ, ಒತ್ತಾಗಿ ನೇಯಬೇಕು. ಡ್ರಿಲ್, ಚಿನೋ ಥರದ್ದು. ಆಗ ಗಾಳಿ ಹೋಗಲು ಸಂದೇ ಇರುವುದಿಲ್ಲ. ಬೆವರನ್ನು ಹೀರುತ್ತದೆ, ಆದರೆ ಒದ್ದೆಯಾಗಿ ಭಾರವಾಗುತ್ತದೆ, ಬೇಗ ಆರುವುದಿಲ್ಲ. ಮೊಣಕೈ, ಮಂಡಿಯಲ್ಲಿ ಸುಕ್ಕು ಕೂತರೆ ಇಸ್ತ್ರಿ ಬಿಟ್ಟು ಬೇರೆ ದಾರಿ ಇಲ್ಲ. ಗಾಢ ಬಣ್ಣ ಮಾಸುತ್ತದೆ. ಒಳ್ಳೆಯ ಗುಣ ಒಂದೇ, ಪ್ಯಾಂಟನ್ನು ಮನೆಯಲ್ಲೇ ಒಗೆಯಬಹುದು. ಒಂದು ಕೋಟು ಮಾತ್ರ ಬೇಕು, ಅದೂ ಅಷ್ಟೇನೂ ಬಿಗಿ ಇಲ್ಲದ ಆಫೀಸಿಗೆ ಅನ್ನುವವರು ಅಸ್ತರಿಲ್ಲದ ಹತ್ತಿ ಕೋಟು ಹೊಲಿಸಿಕೊಳ್ಳಲಿ. ಪೂರ್ತಿ ಸೂಟು ಬೇಡ. ಹತ್ತಿಯಲ್ಲೇ ಸೀರ್‌ಸಕರ್ ಅಂತ ಒಂದಿದೆ, ಉಬ್ಬು ತಗ್ಗಿನ ಪಟ್ಟೆ ಇರುವಂಥದ್ದು. ಉಬ್ಬಿದ ಜಾಗ ಮಾತ್ರ ಮೈಗೆ ತಾಗುವುದರಿಂದ ನಿಜಕ್ಕೂ ತಂಪು. ಆದರೆ ನಮ್ಮ ಅಂಗಡಿಗಳಲ್ಲಿ ಅಪರೂಪ, ಸಿಕ್ಕರೂ ಸಭೆಗೆ ಹಾಕಿದರೆ ನಾಲ್ಕು ಜನ ತಿರುಗಿ ನೋಡುತ್ತಾರೆ.

ಲಿನನ್ ಬೇರೆ ಮಾತು. ಅಗಸೆ ನಾರಿನ ಬಟ್ಟೆ. ನೂಲು ಗಡುಸಾಗಿರುವುದರಿಂದ ಮೈಗೆ ಅಂಟುವುದಿಲ್ಲ, ಗಾಳಿ ಚೆನ್ನಾಗಿ ಆಡುತ್ತದೆ, ಒದ್ದೆಯಾದರೂ ಬೇಗ ಆರುತ್ತದೆ. ತಂಪು ಒಂದನ್ನೇ ನೋಡಿದರೆ ಮೊದಲ ಸ್ಥಾನಕ್ಕೆ ಪೈಪೋಟಿ ಕೊಡುವ ಬಟ್ಟೆ. ಆದರೆ ಸುಕ್ಕು! ಬೆಳಿಗ್ಗೆ ಹಾಕಿ ಕಾರು ಹತ್ತಿ ಭದ್ರಾವತಿ ತಲುಪುವಷ್ಟರಲ್ಲಿ ತೊಡೆಯ ಮೇಲೆ ಗೆರೆ ಮೂಡಿರುತ್ತದೆ. ಲಿನನ್ನಿನ ಸುಕ್ಕಿಗೂ ಒಂದು ಅಂದ ಇದೆ ಅನ್ನುವವರಿದ್ದಾರೆ. ಸಂಜೆಯ ಆರತಕ್ಷತೆಗೆ ಆ ಮಾತು ನಡೆಯುತ್ತದೆ. ಸಾಲದ ಕಡತ ಹಿಡಿದು ಮ್ಯಾನೇಜರ್ ಎದುರು ಕೂತಾಗ ನಡೆಯುವುದಿಲ್ಲ. ಕೊಳ್ಳುವುದಾದರೆ ಅಂಗಿಗೆ ಬಳಸುವ ತೆಳು ಲಿನನ್ ಬೇಡ. ಲೀ ಅನ್ನುವ ಅಂಕಿ ಜಾಸ್ತಿ ಇದ್ದಷ್ಟೂ ನೂಲು ಸಣ್ಣ. ಸೂಟಿಗೆ ಕಡಿಮೆ ಲೀಯ, ಸ್ವಲ್ಪ ದಪ್ಪ ನೂಲಿನದೇ ಚೆನ್ನ. ಅದು ಬಿದ್ದ ಹಾಗೆ ನಿಲ್ಲುತ್ತದೆ, ಸುಕ್ಕೂ ದೊಡ್ಡ ದೊಡ್ಡದಾಗಿ ಬೀಳುತ್ತದೆ. ಉಣ್ಣೆ, ಲಿನನ್ ಬೆರೆತದ್ದು ಸಿಕ್ಕರೆ ಇನ್ನೂ ಒಳ್ಳೆಯದು.

ಇನ್ನು ನಾನು ದುಡ್ಡು ಹಾಕುವ ಬಟ್ಟೆ: ಟ್ರಾಪಿಕಲ್ ಉಣ್ಣೆ. ಸಾದಾ ನೇಯ್ಗೆ, ಅಂದರೆ ಒಂದು ಎಳೆ ಮೇಲೆ ಒಂದು ಎಳೆ ಕೆಳಗೆ. ಓರೆ ಗೆರೆ ಕಾಣುವ ಟ್ವಿಲ್ ನೇಯ್ಗೆಯಲ್ಲಿ ಎಳೆಗಳು ಒತ್ತಾಗಿ ಕೂರುತ್ತವೆ. ಸಾದಾ ನೇಯ್ಗೆಯಲ್ಲಿ ನಡುವೆ ಸಂದು ಉಳಿಯುತ್ತದೆ. ನೂಲನ್ನು ಬಿಗಿಯಾಗಿ ಹುರಿ ಹಾಕಿದ್ದರೆ ಇನ್ನೂ ಒಳ್ಳೆಯದು. ಹುರಿ ಜಾಸ್ತಿ ಇದ್ದರೆ ನೂಲಿನ ಮೈ ಮೇಲೆ ರೋಮ ಏಳುವುದಿಲ್ಲ, ಸಂದು ತೆರೆದಿರುತ್ತದೆ, ಸುಕ್ಕಾದ ಬಟ್ಟೆ ತಾನೇ ಸೆಟೆದು ನಿಲ್ಲುತ್ತದೆ. ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನ ಫ್ರೆಸ್ಕೋ ಅನ್ನುವ ಹೆಸರಾಂತ ಬಟ್ಟೆ ಇದೇ ಜಾತಿಯದು. ಮುಟ್ಟಿದರೆ ಸ್ವಲ್ಪ ಒರಟು, ಒಣ ಒಣ ಅನಿಸುತ್ತದೆ. ಅಂಗಡಿಯಲ್ಲಿ ಕೈಯಾಡಿಸಿ ನುಣುಪು ಹುಡುಕುವ ಅಭ್ಯಾಸ ನಮ್ಮದು. ಬೇಸಿಗೆಗೆ ಆ ಅಭ್ಯಾಸ ಬಿಡಬೇಕು. ಮೀಟರಿಗೆ 270 ಗ್ರಾಂ ಇರುವ ಈ ಬಟ್ಟೆ, 220 ಗ್ರಾಮಿನ ಒತ್ತು ನೇಯ್ಗೆಯ ಬಟ್ಟೆಗಿಂತ ತಂಪಾಗಿರುತ್ತದೆ. ರಾತ್ರಿ ಬಚ್ಚಲಿನ ಹಬೆಯಲ್ಲಿ ನೇತು ಹಾಕಿದರೆ ಬೆಳಿಗ್ಗೆ ಸುಕ್ಕು ಮುಕ್ಕಾಲು ಪಾಲು ಹೋಗಿರುತ್ತದೆ. ಬೆವರಿನ ವಾಸನೆಯನ್ನು ಪಾಲಿಯೆಸ್ಟರಿನಷ್ಟು ಹಿಡಿಯುವುದಿಲ್ಲ.

ಬೆಲೆ ಮಾತ್ರ ಟೆರಿ ರೇಯಾನಿನ ಹಲವು ಪಟ್ಟು. ಹುಳಕ್ಕೂ ಇದೇ ಇಷ್ಟ, ಅದರ ಮಾತು ಕೆಳಗೆ ಬರುತ್ತದೆ.

ಉಳಿದವು ಬೇಗ ಮುಗಿಯುತ್ತವೆ. ಸ್ಟ್ರೆಚ್ ಅಂತ ಮಾರುವುದರಲ್ಲಿ ಶೇ. 1, 2ರಷ್ಟು ಎಲಾಸ್ಟೇನ್ ಇರುತ್ತದೆ. ಕೂರಲು ಏಳಲು ಹಿತ, ತಂಪಿಗೆ ಅದರಿಂದ ಏನೂ ಇಲ್ಲ. ಬಿದಿರಿನ ಬಟ್ಟೆ ಅಂತ ಬರುವುದು ಬಹುಪಾಲು ಬಿದಿರಿನ ತಿರುಳಿನಿಂದ ಮಾಡಿದ ವಿಸ್ಕೋಸ್. ಹೊಳೆಯುವ ಬಟ್ಟೆ ಮದುವೆ ಗಂಡಿಗೆ ಬಿಟ್ಟುಬಿಡಿ.

ಕೌಂಟರಿನಲ್ಲೇ ಪರೀಕ್ಷೆ

ಒಂದು ಪದರ ಬಟ್ಟೆಯನ್ನು ಟ್ಯೂಬ್‌ಲೈಟಿಗೆ ಎತ್ತಿ ಹಿಡಿಯಿರಿ. ಸಣ್ಣ ಸಣ್ಣ ಬೆಳಕಿನ ಚುಕ್ಕೆ ಕಂಡರೆ ಗಾಳಿ ಹೋಗುತ್ತದೆ. ಬಾಯಿಗೆ ಹತ್ತಿರ ಹಿಡಿದು ಊದಿ, ಆಚೆ ಬದಿಗೆ ಕೈ ಇಟ್ಟು ನೋಡಿ. ಉಸಿರು ತಾಗಬೇಕು. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ಮುಷ್ಟಿಯಲ್ಲಿ ಹತ್ತು ಸೆಕೆಂಡ್ ಹಿಂಡಿ ಬಿಡಿ. ಗೆರೆ ಎಷ್ಟು ಬೇಗ ಹೋಗುತ್ತದೆ ಅನ್ನುವುದು ನಿಮ್ಮ ಪ್ರಯಾಣದ ದಿನದ ಭವಿಷ್ಯ.

ಶುದ್ಧ ಉಣ್ಣೆ ಅಂತ ಹೇಳಿ ಬೆಲೆ ಜಾಸ್ತಿ ಕೇಳಿದರೆ ಅಂಚಿನಿಂದ ಎರಡು ಎಳೆ ಕೇಳಿ ಪಡೆದು ಹೊರಗೆ ಸುಟ್ಟು ನೋಡಬಹುದು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಹತ್ತಿ, ಲಿನನ್, ವಿಸ್ಕೋಸ್ ಮೂರೂ ಸುಟ್ಟ ಕಾಗದದ ವಾಸನೆ ಕೊಡುತ್ತವೆ. ಕೂದಲಿನ ವಾಸನೆ ಬಂದೂ ಗುಂಡು ಉಳಿದರೆ ಅದು ಟೆರಿ ವುಲ್.

ಎಷ್ಟು ಬಟ್ಟೆ ಬೇಕು? ಕೋಟು, ಪ್ಯಾಂಟಿಗೆ ಅಗಲ ಪನ್ನದಲ್ಲಿ 3ರಿಂದ 3.25 ಮೀಟರ್. ಎತ್ತರದವರಿಗೆ ಸ್ವಲ್ಪ ಜಾಸ್ತಿ. ಆಗುವ ಹಾಗಿದ್ದರೆ ಇನ್ನೊಂದು 1.25 ಮೀಟರ್ ತೆಗೆದುಕೊಂಡು ಎರಡನೇ ಪ್ಯಾಂಟು ಹೊಲಿಸಿಬಿಡಿ. ಸೂಟಿನಲ್ಲಿ ಮೊದಲು ಸವೆಯುವುದು ಪ್ಯಾಂಟು. ಬೆವರಿನ ಕಾಲದಲ್ಲಿ ಒಂದನ್ನು ಆರಲು ಬಿಟ್ಟು ಇನ್ನೊಂದು ಹಾಕಬಹುದು. ಆಮೇಲೆ ಹುಡುಕಿದರೆ ಅದೇ ಬಣ್ಣ ಸಿಗುವುದಿಲ್ಲ.

ಒಳಗೆ ಏನಿದೆ ಅನ್ನುವುದೇ ಮುಖ್ಯ

ಇಷ್ಟು ಹೊತ್ತು ಹೇಳಿದ್ದೆಲ್ಲ ಹೊರಗಿನ ಬಟ್ಟೆಯ ಮಾತು. ಕೋಟಿನ ಒಳಗೆ ಇನ್ನೂ ಎರಡು ಪದರ ಇರುತ್ತವೆ. ಸೆಕೆಯ ಅರ್ಧ ಪಾಲು ಅಲ್ಲಿಂದಲೇ ಬರುತ್ತದೆ.

ಅಸ್ತರು ಮೊದಲನೆಯದು. ರೆಡಿಮೇಡ್ ಕೋಟುಗಳಲ್ಲಿ ಪೂರ್ತಿ ಅಸ್ತರು, ಅದೂ ಸಾಮಾನ್ಯವಾಗಿ ಪಾಲಿಯೆಸ್ಟರ್ ಟಫೆಟಾ. ಹೊರಗೆ ದುಬಾರಿ ಉಣ್ಣೆ, ಒಳಗೆ ಅಗ್ಗದ ಪಾಲಿಯೆಸ್ಟರ್ ಅಂದರೆ ಒಳ್ಳೆ ಬಟ್ಟೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಹಾಗಾಯಿತು. ಬೇಸಿಗೆಗೆ ಅರ್ಧ ಅಸ್ತರು ಕೇಳಿ. ಭುಜ, ಬೆನ್ನಿನ ಮೇಲ್ಭಾಗ ಮತ್ತು ತೋಳಿಗೆ ಮಾತ್ರ. ತೋಳಿಗೆ ಅಸ್ತರು ಇರಲೇಬೇಕು, ಇಲ್ಲದಿದ್ದರೆ ಅಂಗಿಯ ತೋಳು ಸಿಕ್ಕಿಕೊಂಡು ಕೋಟು ಹಾಕುವುದೇ ಕಷ್ಟ. ಆ ಅಸ್ತರು ವಿಸ್ಕೋಸ್ ಆಗಿರಲಿ, ಸಿಕ್ಕರೆ ಕ್ಯೂಪ್ರೋ. ಹತ್ತಿ ಬೀಜಕ್ಕೆ ಅಂಟಿದ ಸಣ್ಣ ನಾರಿನಿಂದ ಮಾಡುವ ಕ್ಯೂಪ್ರೋ ನುಣುಪಾಗಿಯೂ ಇರುತ್ತದೆ, ತೇವವನ್ನೂ ಹೀರುತ್ತದೆ.

ಅಸ್ತರು ಕಡಿಮೆ ಮಾಡಿಸಿದರೆ ಕೂಲಿಯೂ ಕಡಿಮೆ ಅಂದುಕೊಳ್ಳಬೇಡಿ. ಅಸ್ತರು ಒಳಗಿನ ಹೊಲಿಗೆಗಳನ್ನು ಮುಚ್ಚುತ್ತದೆ. ಅದಿಲ್ಲದಿದ್ದರೆ ಪ್ರತಿ ಅಂಚಿಗೂ ಪೈಪಿಂಗ್, ಅಂದರೆ ಬಟ್ಟೆಯ ಸಣ್ಣ ಪಟ್ಟಿ, ಕೊಟ್ಟು ನೀಟು ಮಾಡಬೇಕು. ಟೈಲರಿಗೆ ಕೆಲಸ ಜಾಸ್ತಿ. 'ಅಣ್ಣ, ಹಿಂದೆ ಅಸ್ತರು ಬೇಡ, ಅಂಚಿಗೆಲ್ಲ ಪೈಪಿಂಗ್ ಕೊಡಿ' ಅಂದಾಗ ಅವರು ಕೇಳುವ ಹೆಚ್ಚಿನ ಕೂಲಿ ನ್ಯಾಯವಾದದ್ದೇ.

ಎರಡನೆಯದು ಎದೆಯ ಭಾಗ. ಕೋಟಿನ ಎದೆ ಸೆಟೆದು ನಿಲ್ಲಲು ಒಳಗೆ ಏನಾದರೂ ಬೇಕು. ಅಗ್ಗದ, ವೇಗದ ದಾರಿ ಪೇಸ್ಟಿಂಗ್. ಅಂಟು ಸವರಿದ ಬಟ್ಟೆಯನ್ನು ಬಿಸಿಯಲ್ಲಿ ಒತ್ತಿ ಅಂಟಿಸುವುದು. ಆ ಅಂಟಿನ ಪದರ ಸಂದುಗಳನ್ನು ಮುಚ್ಚುತ್ತದೆ. ಬೆಳಕಿಗೆ ಹಿಡಿದು ಆರಿಸಿದ ಬಟ್ಟೆಯ ಗುಣ ಎದೆಯ ಮೇಲೆ ಇಲ್ಲವಾಗುತ್ತದೆ. ವರ್ಷ ಕಳೆದಂತೆ ತೇವ, ಇಸ್ತ್ರಿಯ ಬಿಸಿ, ಡ್ರೈಕ್ಲೀನಿಂಗ್ ಸೇರಿ ಅಂಟು ಅಲ್ಲಲ್ಲಿ ಬಿಟ್ಟು ಗುಳ್ಳೆ ಏಳುತ್ತದೆ. ಗುಳ್ಳೆ ಎದ್ದ ಕೋಟನ್ನು ಸರಿಮಾಡುವುದು ಸುಲಭವಲ್ಲ.

ಇನ್ನೊಂದು ದಾರಿ ಕ್ಯಾನ್ವಾಸ್. ಗಡುಸಾದ ಒಳಬಟ್ಟೆಯನ್ನು ಅಂಟಿಲ್ಲದೆ ದಾರದಲ್ಲಿ ಹೊಲಿದು ಕೂರಿಸುವುದು. ಪೂರ್ತಿ ಕ್ಯಾನ್ವಾಸ್ ದುಬಾರಿ. ಎದೆಯಿಂದ ಕಿಸೆಯ ತನಕ ಮಾತ್ರ ಇರುವ ಹಾಫ್ ಕ್ಯಾನ್ವಾಸ್ ನಮಗೆ ಸಾಕು. ಯಾವುದು ಅಂತ ತಿಳಿಯಲು ಗುಂಡಿಯ ಕಾಜಾದ ಹತ್ತಿರ ಬಟ್ಟೆಯ ಎರಡು ಮುಖಗಳನ್ನು ಚಿವುಟಿ ಎಳೆದು ನೋಡಿ. ನಡುವೆ ಮೂರನೇ ಪದರವೊಂದು ಸಡಿಲವಾಗಿ ಓಡಾಡಿದರೆ ಕ್ಯಾನ್ವಾಸ್. ಹೊರ ಬಟ್ಟೆ ದಪ್ಪಗೆ, ಅಂಟಿಕೊಂಡ ಹಾಗೆ ಸಿಕ್ಕರೆ ಪೇಸ್ಟಿಂಗ್. ಭುಜಕ್ಕೆ ದಪ್ಪ ಪ್ಯಾಡೂ ಬೇಡ.

ಬಜೆಟ್ ಸೀಮಿತ ಇದ್ದರೆ ಹೇಗೆ ಹಂಚುವುದು? ಶುದ್ಧ ಉಣ್ಣೆ ಕೊಂಡು ಪೂರ್ತಿ ಅಸ್ತರಿನ ಪೇಸ್ಟಿಂಗ್ ಕೋಟು ಹೊಲಿಸುವುದಕ್ಕಿಂತ, ಟೆರಿ ವುಲ್ ಕೊಂಡು ಅರ್ಧ ಅಸ್ತರು, ಹಾಫ್ ಕ್ಯಾನ್ವಾಸ್ ಮಾಡಿಸುವುದು ಮೇಲು. ಇದು ನನ್ನ ಗಟ್ಟಿ ಅಭಿಪ್ರಾಯ.

ಹೊಲಿಸುವುದೋ ರೆಡಿಮೇಡೋ?

ದುರ್ಗಿಗುಡಿಯ ಶೋರೂಮುಗಳಲ್ಲಿ ನೋಡಿ, ಹಾಕಿ, ಅವತ್ತೇ ತರಬಹುದು. ಆ ಅನುಕೂಲ ದೊಡ್ಡದು. ಆದರೆ ಒಳಗಿನ ಪದರ ಆರಿಸುವ ಅವಕಾಶ ಇಲ್ಲ, ಮತ್ತು ನಮ್ಮ ಸೆಕೆಗೆ ಅದೇ ಮುಖ್ಯ. ತೆರಿಗೆಯ ಲೆಕ್ಕವೂ ಹೊಲಿಸುವವರ ಕಡೆಗೇ ಇದೆ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿ ಮೀರಿದ ರೆಡಿಮೇಡ್ ಉಡುಪಿಗೆ ಶೇ. 18 ಜಿಎಸ್‌ಟಿ, ಬಟ್ಟೆಯ ತುಂಡಿಗೆ ಶೇ. 5. ಹೆಣ್ಣುಮಕ್ಕಳ ಬ್ಲೇಜರುಗಳಲ್ಲಿ ಬಿಗಿ ಕಟ್ಟು, ಪೂರ್ತಿ ಪಾಲಿಯೆಸ್ಟರ್ ಅಸ್ತರು ಇನ್ನೂ ಜಾಸ್ತಿ. ಅವರಂತೂ ಕೋಟು ಹೊಲಿಯುವ ಟೈಲರನ್ನೇ ಹುಡುಕುವುದು ಒಳ್ಳೆಯದು.

ಟೈಲರಿಗೆ ಹೇಳಬೇಕಾದ ಇನ್ನೆರಡು ಮಾತು. ಹಿಂದೆ ನಡುವಿನ ಒಂದು ಸೀಳಿಗಿಂತ ಎರಡು ಪಕ್ಕದ ಸೀಳು ಇರಲಿ, ಕೂತಾಗ ಕೋಟು ಮುದುಡದು, ಗಾಳಿಯೂ ಆಡುತ್ತದೆ. ಪ್ಯಾಂಟು ಈಗಿನ ಫ್ಯಾಷನ್ನಿನ ಹಾಗೆ ತೊಡೆಗೆ ಅಂಟಬಾರದು. ಮುಂದೆ ಒಂದು ನೆರಿಗೆ ಕೊಟ್ಟರೆ ವಯಸ್ಸಾದವರ ಹಾಗೆ ಕಾಣುತ್ತದೆ ಅಂತ ಹುಡುಗರು ಮೂಗು ಮುರಿಯುತ್ತಾರೆ. ಮೇ ತಿಂಗಳಲ್ಲಿ ಒಂದು ದಿನ ಹಾಕಿ ನೋಡಿದರೆ ಗೊತ್ತಾಗುತ್ತದೆ. ಪ್ಯಾಂಟಿನ ಒಳಗೆ ಮುಂದಿನ ಭಾಗಕ್ಕೆ ಮಂಡಿಯ ತನಕ ತೆಳು ಅಸ್ತರು ಕೊಡಿಸಿ. ಬೆವರಿದ ತೊಡೆಗೆ ಉಣ್ಣೆ ಚುಚ್ಚುವುದಿಲ್ಲ.

ಬಣ್ಣಕ್ಕೆ ನೇವಿ ನೀಲಿ. ತಿಳಿ ಬೂದು ಬಣ್ಣದಲ್ಲಿ ಬೆವರಿನ ಕಲೆ ಎದ್ದು ಕಾಣುತ್ತದೆ. ಕಪ್ಪಿನ ಮೇಲೆ ನಮ್ಮ ಕೆಂಪು ಧೂಳು ಕೂರುತ್ತದೆ, ಬಿಸಿಲಲ್ಲಿ ಕಾಯುವುದೂ ಅದೇ ಹೆಚ್ಚು.

ವಕೀಲರಿಗೆ ಬಣ್ಣದ ಆಯ್ಕೆ ಇಲ್ಲ. ಬಾರ್ ಕೌನ್ಸಿಲ್ ನಿಯಮದಲ್ಲಿ ಒಂದು ಸಡಿಲಿಕೆ ಇದೆ. ಸುಪ್ರೀಂ ಕೋರ್ಟ್, ಹೈಕೋರ್ಟ್ ಬಿಟ್ಟು ಉಳಿದ ಕಡೆ ಬೇಸಿಗೆಯಲ್ಲಿ ಕರಿ ಕೋಟು ಕಡ್ಡಾಯವಲ್ಲ. ಆದರೂ ವರ್ಷದ ಉಳಿದ ಸೆಕೆಯ ದಿನಗಳಿಗೆ ಒಂದು ಸಾದಾ ನೇಯ್ಗೆಯ ಕರಿ ಉಣ್ಣೆ ಕೋಟು, ಬೆನ್ನಿಗೆ ಅಸ್ತರಿಲ್ಲದೆ ಹೊಲಿಸಿಕೊಂಡರೆ ದಿನವೂ ಹಾಕುವ ಅವರಿಗೆ ಅದರ ದುಡ್ಡು ಎಲ್ಲರಿಗಿಂತ ಬೇಗ ವಸೂಲಾಗುತ್ತದೆ.

ಮೊದಲ ಸಲ ಇಂಟರ್‌ವ್ಯೂಗೆ ಹೋಗುವ ಹುಡುಗರಿಗೆ ಪೂರ್ತಿ ಸೂಟು ಬೇಕೇ ಅನ್ನುವುದೇ ನನ್ನ ಪ್ರಶ್ನೆ. ಟೆರಿ ವುಲ್‌ನ ಒಂದು ನೇವಿ ಕೋಟು, ಬೂದು ಬಣ್ಣದ ಒಂದು ಒಳ್ಳೆಯ ಪ್ಯಾಂಟು ಸಾಕು. ಕೆಲಸ ಸಿಕ್ಕ ಮೇಲೂ ಎರಡನ್ನೂ ಬೇರೆ ಬೇರೆಯಾಗಿ ಹಾಕಬಹುದು. ರೈಲಿನಲ್ಲಿ ಕೋಟು ಹಾಕಿಕೊಂಡು ಕೂರಬೇಡಿ. ಒಳಮುಖ ಹೊರಗೆ ಬರುವ ಹಾಗೆ ಮಡಚಿ ಬ್ಯಾಗಿನ ಮೇಲಿಟ್ಟುಕೊಳ್ಳಿ, ಇಳಿಯುವ ಮೊದಲು ಹಾಕಿ.

ಮೃಗಶಿರಾ ಮಳೆ ಬಂದ ಮೇಲೆ

ಈಗ ಎರಡನೇ ಲೆಕ್ಕ. ಬೀರುವಿನೊಳಗೆ ತೇವ ಏರಿದರೆ ಬೂಷ್ಟು ಮೊದಲು ಹಿಡಿಯುವುದು ಹತ್ತಿ, ಲಿನನ್‌ಗೆ. ಅದರಲ್ಲೂ ಗಂಜಿ ಹಾಕಿದ್ದರೆ ಕೇಳುವುದೇ ಬೇಡ. ಉಣ್ಣೆಗೆ ಬೂಷ್ಟು ನಿಧಾನ, ಆದರೆ ಹುಳು ತಿನ್ನುತ್ತದೆ. ಬೆವರು, ಊಟದ ಕಲೆ ಇದ್ದ ಜಾಗವನ್ನೇ ಹುಡುಕಿ ತಿನ್ನುತ್ತದೆ. ಪಾಲಿಯೆಸ್ಟರಿಗೆ ಎರಡರ ಭಯವೂ ಇಲ್ಲ. ಹಾಗಾಗಿ ತೀರ್ಥಹಳ್ಳಿ, ಹೊಸನಗರದ ಒಳಗಿನ ಊರಲ್ಲಿ ಮನೆ ಇದ್ದು, ಸೂಟು ವರ್ಷಕ್ಕೆರಡು ಸಲ ಹಾಕುವವರಾದರೆ, ಲಿನನ್ ಎಷ್ಟೇ ತಂಪಾದರೂ ನಾನು ಬೇಡ ಅನ್ನುತ್ತೇನೆ. ಶಿವಮೊಗ್ಗ ಪೇಟೆಯಲ್ಲಿದ್ದು ವಾರವಾರ ಹಾಕುವವರಿಗೆ ಈ ಭಯ ಕಡಿಮೆ. ಓಡಾಡುವ ಬಟ್ಟೆಗೆ ಬೂಷ್ಟೂ ಹಿಡಿಯದು, ಹುಳವೂ ಕೂರದು.

ಒಳಗಿಡುವ ಮುಂಚೆ ಮೇ ತಿಂಗಳಲ್ಲೇ ಡ್ರೈಕ್ಲೀನ್ ಮಾಡಿಸಿ, ಒಂದು ದಿನ ನೆರಳಿನ ಗಾಳಿಗೆ ಹರವಿ. ಅಂಗಡಿಯವರು ಕೊಡುವ ಪ್ಲಾಸ್ಟಿಕ್ ಕವರು ತೆಗೆದು ಬಿಸಾಡಿ, ಅದರೊಳಗೆ ತೇವ ಕೂಡಿಬಿಡುತ್ತದೆ. ಹಳೆಯ ಪಂಚೆಯನ್ನು ಚೀಲದ ಹಾಗೆ ಹೊಲಿದು ಹೊದಿಸಿದರೆ ಸಾಕು. ಅಗಲ ಭುಜದ ಹ್ಯಾಂಗರ್ ಇರಲಿ. ನುಸಿ ಗುಳಿಗೆಯನ್ನು ಬಟ್ಟೆಗೆ ತಾಗದ ಹಾಗೆ ಸಣ್ಣ ಗಂಟು ಕಟ್ಟಿ ಇಡಿ. ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಬೀರುವಿನ ತಳದಲ್ಲಿರಲಿ. ಅದರಲ್ಲಿ ತುಂಬುವ ನೀರು ಬಟ್ಟೆಗೆ ಚೆಲ್ಲದಂತೆ ಜೋಪಾನ. ಮಳೆ ಹೊಳವಾದ ದಿನ ಬೀರು ತೆರೆದು ಕೋಟು ಹೊರಗೆ ತೂಗು ಹಾಕಿ.

ಬಚ್ಚಲು ಒಲೆಯ ಮೇಲಿನ ಹಗ್ಗಕ್ಕೆ ಮಾತ್ರ ಬೇಡ. ಪಂಚೆ, ಟವೆಲು ಅಲ್ಲಿ ಒಣಗುವುದು ಸರಿ. ಉಣ್ಣೆಗೆ ಹೊಗೆಯ ವಾಸನೆ ಹಿಡಿದರೆ ಡ್ರೈಕ್ಲೀನಿಂಗಿಗೂ ಸುಲಭಕ್ಕೆ ಬಗ್ಗುವುದಿಲ್ಲ, ಸಭೆಯಲ್ಲಿ ಪಕ್ಕದವರು ನಿಮ್ಮ ಮನೆಯಲ್ಲಿ ಯಾವ ಕಟ್ಟಿಗೆ ಉರಿಸುತ್ತೀರಿ ಅಂತ ಹೇಳಿಬಿಡುತ್ತಾರೆ.

ಹಾಕುವ ದಿನಗಳಲ್ಲಿ ಪ್ರತಿ ಸಲ ಡ್ರೈಕ್ಲೀನಿಂಗ್ ಬೇಕಿಲ್ಲ. ಮನೆಗೆ ಬಂದ ತಕ್ಷಣ ಫ್ಯಾನಿನ ಕೆಳಗೆ ತೂಗು ಹಾಕಿ, ಆರಿದ ಮೇಲೆ ಬ್ರಷ್ ಮಾಡಿ. ಬೆವರಿದ ಕೋಟನ್ನು ನೇರ ಬೀರುವಿಗೆ ಸೇರಿಸುವುದು ಹುಳುವಿಗೆ ಊಟ ಬಡಿಸಿದಂತೆ.

ಇನ್ನು ಯಾವಾಗ ಹೊಲಿಸಲು ಕೊಡುವುದು? ಜನವರಿಯಲ್ಲಿ. ಏಪ್ರಿಲ್, ಮೇ ಮದುವೆಗಳ ಕಾಲ. ಕೋಟು ಹೊಲಿಯುವ ಟೈಲರುಗಳ ಮೇಜು ಮಾರ್ಚಿಗೇ ತುಂಬಿರುತ್ತದೆ. ಆಗ ಅರ್ಧ ಅಸ್ತರು, ಪೈಪಿಂಗ್, ಕ್ಯಾನ್ವಾಸ್ ಅಂದರೆ 'ಆಯ್ತು ಸಾರ್' ಅನ್ನುತ್ತಾರೆ, ಮಾಡುವುದು ಪೇಸ್ಟಿಂಗೇ. ಪುರುಸೊತ್ತು ಇರುವಾಗ ಕೊಟ್ಟು, ಎರಡು ಟ್ರಯಲ್ ಕೇಳಿ. ಮೊದಲ ಟ್ರಯಲ್ ಅಸ್ತರು ಹಾಕುವ ಮುಂಚೆಯೇ ಆಗಲಿ, ಒಳಗೆ ಏನಿದೆ ಅಂತ ಕಣ್ಣಾರೆ ನೋಡಬಹುದು.